ದೋಷ ಕಂಡ ಫೋನಿನಲ್ಲೇ ದೋಷ ಹಿಡಿಯಿರಿ: ಎಲ್ಲ ಬ್ರೌಸರ್‌ಗಳಲ್ಲೂ ಡಿಬಗ್ ಮಾಡುವ ಕ್ರಮ

ದಾವಣಗೆರೆಯಲ್ಲಿ ವೆಬ್‌ಸೈಟ್ ಮಾಡುವವರ ಕೆಲಸ ಹೆಚ್ಚಾಗಿ ಒಂದೇ ರೀತಿ ನಡೆಯುತ್ತದೆ. ವಿಂಡೋಸ್ ಲ್ಯಾಪ್‌ಟಾಪ್, ಅದರಲ್ಲಿ ಕ್ರೋಮ್, ಎಫ್12 ಒತ್ತಿದರೆ ತೆರೆಯುವ ಡೆವ್‌ಟೂಲ್ಸ್, ಅಂದರೆ ಪುಟದ ಒಳಗನ್ನು ನೋಡಿ ದೋಷ ಹುಡುಕುವ (ಡಿಬಗ್ ಮಾಡುವ) ಸಲಕರಣೆ. ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಲಿಯುವುದೂ ಇದರಲ್ಲೇ. ಪಿ.ಜೆ. ಬಡಾವಣೆ, ವಿದ್ಯಾನಗರದ ಸಣ್ಣ ಆಫೀಸುಗಳಲ್ಲಿ ಸೈಟು ಕಟ್ಟಿಕೊಡುವವರು ಪರೀಕ್ಷೆ ಮಾಡುವುದೂ ಇದರಲ್ಲೇ. ಸೈಟು ನೋಡುವ ಜನರ ಕೈಯಲ್ಲಿ ಮಾತ್ರ ಬೇರೆಯೇ ಇರುತ್ತದೆ: ಹಳೆಯ ಆಂಡ್ರಾಯ್ಡ್, ಅಣ್ಣ ಬಳಸಿ ಬಿಟ್ಟ ಐಫೋನ್, ಇನ್‌ಸ್ಟಾಗ್ರಾಮ್ ಒಳಗೇ ತೆರೆದುಕೊಳ್ಳುವ ಬ್ರೌಸರ್.

ಒಂದು ಪುಟವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮಂಡಿಪೇಟೆಯ ವ್ಯಾಪಾರಿಯೊಬ್ಬರಿಗೆ ದಿನದ ದರ ತೋರಿಸುವ ಪುಟ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬ ಬಗೆಗಳು; ಜತೆಗೆ ಮೆಕ್ಕೆಜೋಳ. ಕ್ವಿಂಟಲ್ ದರ, ತಾರೀಖು, ಮೇಲೊಂದು ಹುಡುಕುವ ಪೆಟ್ಟಿಗೆ. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ. ಮರುದಿನ ಫೋನ್ ಬರುತ್ತದೆ: "ನಿಮ್ಮ ಪೇಜು ನಮ್ಮ ಹುಡುಗನ ಫೋನಿನಾಗೆ ಬರೀ ಬೆಳ್ಳಗೆ ಕಾಣ್ತತಿ, ನೋಡ್ರಿ ಒಂಚೂರು."

ಇಂಥ ಹೊತ್ತಿನಲ್ಲಿ ಊಹೆಯ ಮೇಲೆ ಕೋಡ್ ತಿದ್ದಿ, ಅಪ್‌ಲೋಡ್ ಮಾಡಿ, "ಈಗ ನೋಡಿ ಸರ್" ಎನ್ನುವ ಪದ್ಧತಿ ನಮ್ಮಲ್ಲಿ ಬಹಳ. ಅದನ್ನು ಬಿಡಬೇಕು. ಪುಟ ಎಲ್ಲಿ ಕೆಡುತ್ತದೋ ಅಲ್ಲಿಗೇ ಡಿಬಗ್ ಟೂಲ್ ಒಯ್ಯಲು ಸಾಧ್ಯವಿದೆ, ಅದಕ್ಕೆ ದುಬಾರಿ ಯಂತ್ರವೂ ಬೇಕಿಲ್ಲ. ನಿಮ್ಮ ಹತ್ತಿರ ಒಂದು ಲ್ಯಾಪ್‌ಟಾಪ್, ಒಂದು ಆಂಡ್ರಾಯ್ಡ್ ಫೋನ್, ಒಂದು ಕೇಬಲ್ ಇದೆ, ಮ್ಯಾಕ್ ಇಲ್ಲ ಎಂದುಕೊಂಡೇ ಇಲ್ಲಿನ ಹೆಜ್ಜೆಗಳನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ಬ್ರೌಸರ್ ಹೆಸರು ಬಿಡಿ, ಎಂಜಿನ್ ನೋಡಿ

ಬ್ರೌಸರ್‌ಗಳು ಎಷ್ಟೇ ಇರಲಿ, ಕೋಡ್ ಓದಿ ಪುಟ ಮೂಡಿಸುವ ಒಳಭಾಗಗಳು, ಅಂದರೆ ಎಂಜಿನ್‌ಗಳು, ಇವತ್ತು ಬಳಕೆಯಲ್ಲಿರುವುದು ಮುಖ್ಯವಾಗಿ ಮೂರು. ಕ್ರೋಮ್‌ನ ಒಳಗಿರುವುದು ಬ್ಲಿಂಕ್. 2013ರಲ್ಲಿ ಅದು ವೆಬ್‌ಕಿಟ್‌ನಿಂದ ಕವಲೊಡೆದು ಬಂತು. ಎಡ್ಜ್ 2020ರ ಜನವರಿಯಿಂದ ಕ್ರೋಮ್‌ನ ತಳಹದಿಯಾದ ಕ್ರೋಮಿಯಂ ಮೇಲೆಯೇ ನಡೆಯುತ್ತಿದೆ; ಒಪೆರಾ, ಬ್ರೇವ್, ಸ್ಯಾಮ್‌ಸಂಗ್ ಇಂಟರ್‌ನೆಟ್ ಕೂಡ ಇದೇ ಕುಟುಂಬದವು. ಎರಡನೆಯದು ಫೈರ್‌ಫಾಕ್ಸ್‌ನ ಗೆಕೊ. ಮೂರನೆಯದು ಸಫಾರಿಯ ವೆಬ್‌ಕಿಟ್.

ಹೊಸಬರು ಎಡವುವ ಜಾಗವೊಂದಿದೆ. ನಮ್ಮ ದೇಶದಲ್ಲಿ ಬಳಸುವ ಐಫೋನ್‌ನಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗೆ ಓಡುವುದು ವೆಬ್‌ಕಿಟ್. ಬೇರೆ ಎಂಜಿನ್‌ಗೆ ಆಪಲ್ ಬಾಗಿಲು ತೆರೆದದ್ದು 2024ರಲ್ಲಿ, ಐಓಎಸ್ 17.4ರ ಹೊತ್ತಿಗೆ, ಅದೂ ಐರೋಪ್ಯ ಒಕ್ಕೂಟದ ಕಾನೂನಿಗಾಗಿ. ಹಾಗಾಗಿ "ಐಫೋನ್‌ನ ಕ್ರೋಮ್‌ನಲ್ಲೂ ಕೆಟ್ಟಿದೆ" ಎಂದು ಗ್ರಾಹಕರು ಹೇಳಿದರೆ ನಿಮಗೆ ಹೊಸ ಸುಳಿವೇನೂ ಸಿಕ್ಕಿಲ್ಲ. ಅದು ಸಫಾರಿಯ ದೋಷವೇ.

ಇದರಿಂದ ಕೆಲಸ ಹಗುರವಾಗುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಮತ್ತು ಯಾವುದಾದರೂ ಒಂದು ವೆಬ್‌ಕಿಟ್ ನೋಡಿದರೆ ಬಹುಪಾಲು ಮುಗಿಯಿತು. ಎಡ್ಜ್, ಒಪೆರಾಗಳಲ್ಲಿ ಅದನ್ನೇ ಮತ್ತೆ ಮತ್ತೆ ಪರೀಕ್ಷಿಸುವ ಸಮಯವನ್ನು ಹಳೆಯ ಐಫೋನ್‌ಗೆ ಕೊಡಿ.

ಕ್ರೋಮ್‌ನ ಡಿವೈಸ್ ಟೂಲ್‌ಬಾರ್‌ನಲ್ಲಿ "ಐಫೋನ್" ಆರಿಸಿಕೊಂಡು ಐಫೋನ್ ಪರೀಕ್ಷೆ ಆಯಿತು ಎನ್ನುವವರಿದ್ದಾರೆ. ಅಲ್ಲಿ ಬದಲಾಗುವುದು ಪರದೆಯ ಅಳತೆ, ಸ್ಪರ್ಶದ ವರ್ತನೆ, ಬ್ರೌಸರ್ ತನ್ನ ಗುರುತು ಹೇಳಿಕೊಳ್ಳುವ ಸಾಲು. ಎಂಜಿನ್ ಬ್ಲಿಂಕ್ ಆಗಿಯೇ ಉಳಿಯುತ್ತದೆ. ಲೇಔಟ್ ಅಗಲಕ್ಕೆ ಸರಿಯಾಗಿ ಮಡಚುತ್ತದೋ ಎಂದು ನೋಡಲು ಅದು ಸಾಕು, ದೋಷ ಹಿಡಿಯಲು ಸಾಲದು.

ಎರಡನೆಯ ಹೆಜ್ಜೆ: ಲ್ಯಾಪ್‌ಟಾಪ್‌ನಲ್ಲಿ ಶುದ್ಧ ಪ್ರೊಫೈಲ್

ಡಿಬಗ್ ಮಾಡಲೆಂದೇ ಕ್ರೋಮ್‌ನಲ್ಲಿ ಒಂದು, ಫೈರ್‌ಫಾಕ್ಸ್‌ನಲ್ಲಿ ಒಂದು ಹೊಸ ಪ್ರೊಫೈಲ್ ತೆರೆಯಿರಿ. ಅದರಲ್ಲಿ ಯಾವ ಎಕ್ಸ್‌ಟೆನ್ಶನ್ನೂ ಬೇಡ. ಜಾಹೀರಾತು ತಡೆಯುವ, ಅನುವಾದ ಮಾಡುವ ಎಕ್ಸ್‌ಟೆನ್ಶನ್‌ಗಳು ಪುಟದ ಒಳಗೆ ಕೈಹಾಕುತ್ತವೆ. ಆಮೇಲೆ ದೋಷ ಬ್ರೌಸರಿನದೋ ಎಕ್ಸ್‌ಟೆನ್ಶನ್‌ನದೋ ತಿಳಿಯುವುದಿಲ್ಲ.

ಕಂಟ್ರೋಲ್, ಶಿಫ್ಟ್, ಐ ಒಟ್ಟಿಗೆ ಒತ್ತಿದರೆ ಎರಡೂ ಕಡೆ ಡೆವ್‌ಟೂಲ್ಸ್ ತೆರೆಯುತ್ತದೆ. ದೋಷದ ಸಂದೇಶಗಳು ಕಾಣುವ ಕನ್ಸೋಲ್‌ಗೆ ನೇರ ಹೋಗಲು ಕ್ರೋಮ್‌ನಲ್ಲಿ ಐ ಬದಲು ಜೆ, ಫೈರ್‌ಫಾಕ್ಸ್‌ನಲ್ಲಿ ಕೆ. ಫೈರ್‌ಫಾಕ್ಸ್‌ನಲ್ಲಿ ಅಭ್ಯಾಸಬಲದಿಂದ ಜೆ ಒತ್ತಿದರೆ ಬ್ರೌಸರಿನದೇ ಒಳಗಿನ ಕನ್ಸೋಲ್ ತೆರೆದು, ನಿಮ್ಮ ಪುಟಕ್ಕೆ ಸಂಬಂಧವಿಲ್ಲದ ಸಂದೇಶಗಳ ರಾಶಿ ಕಾಣುತ್ತದೆ. ಗಾಬರಿ ಬೇಡ, ಮುಚ್ಚಿಬಿಡಿ.

ಬ್ರೌಸರ್ ಉಳಿಸಿಟ್ಟ ಹಳೆಯ ನಕಲು (ಕ್ಯಾಶ್) ಬಾರದಿರಲು ನೆಟ್‌ವರ್ಕ್ ಫಲಕದಲ್ಲಿ "ಡಿಸೇಬಲ್ ಕ್ಯಾಶ್" ಗುರುತು ಹಾಕಿ. ಡೆವ್‌ಟೂಲ್ಸ್ ತೆರೆದಿರುವಷ್ಟು ಹೊತ್ತು ಮಾತ್ರ ಅದು ಕೆಲಸ ಮಾಡುತ್ತದೆ. ಪುಟದಿಂದ ಪುಟಕ್ಕೆ ಹೋದಾಗ ಹಳೆಯ ದಾಖಲೆ ಅಳಿಯದಿರಲು ಕ್ರೋಮ್‌ನಲ್ಲಿ "ಪ್ರಿಸರ್ವ್ ಲಾಗ್", ಫೈರ್‌ಫಾಕ್ಸ್‌ನಲ್ಲಿ "ಪರ್ಸಿಸ್ಟ್ ಲಾಗ್ಸ್". ಲಾಗಿನ್ ಆದ ಕೂಡಲೇ ಬೇರೆ ಪುಟಕ್ಕೆ ಜಿಗಿಯುವ ಸೈಟುಗಳಲ್ಲಿ ಇದಿಲ್ಲದೆ ಏನೂ ಸಿಗದು.

ನೀವು ಕೋಡ್ ಅನ್ನು ಕುಗ್ಗಿಸಿ ಒಂದೇ ಫೈಲ್ ಮಾಡಿ ಏರಿಸುತ್ತಿದ್ದರೆ ಪರೀಕ್ಷೆಯ ಸರ್ವರ್‌ನಲ್ಲಿ ಸೋರ್ಸ್ ಮ್ಯಾಪ್ ಕೂಡ ಇಡಿ. ಅದಿದ್ದರೆ ಕುಗ್ಗಿಸಿದ ಫೈಲಿನ ಯಾವುದೋ ಒಂದು ಉದ್ದ ಸಾಲಿನ ಬದಲು ನೀವೇ ಬರೆದ ಫೈಲಿನ ಸಾಲು ಕಾಣುತ್ತದೆ. ಸೋರ್ಸ್ ಮ್ಯಾಪ್ ಬಹಳ ವರ್ಷ ಎಲ್ಲರೂ ಒಪ್ಪಿ ನಡೆಸಿಕೊಂಡು ಬಂದ ರೂಢಿಯಷ್ಟೇ ಆಗಿತ್ತು. ಎಕ್ಮಾ 426 ಎಂಬ ಹೆಸರಿನಲ್ಲಿ ಅದಕ್ಕೆ ಅಧಿಕೃತ ಮಾನದಂಡ ಬಂದದ್ದು 2024ರ ಡಿಸೆಂಬರ್‌ನಲ್ಲಿ.

ಮೂರನೆಯ ಹೆಜ್ಜೆ: ಎಲ್ಲ ಕಡೆ ನಡೆಯುವುದನ್ನು ರೂಢಿಸಿಕೊಳ್ಳಿ

2006ರಲ್ಲಿ ಫೈರ್‌ಫಾಕ್ಸ್‌ಗಾಗಿ ಬಂದ ಫೈರ್‌ಬಗ್ ಎಂಬ ಎಕ್ಸ್‌ಟೆನ್ಶನ್ ತೋರಿಸಿಕೊಟ್ಟ ದಾರಿಯಲ್ಲೇ ಇವತ್ತಿನ ಡೆವ್‌ಟೂಲ್ಸ್‌ಗಳೆಲ್ಲ ಬೆಳೆದವು. ಅದಕ್ಕೇ ಒಂದನ್ನು ಕಲಿತವರಿಗೆ ಇನ್ನೊಂದು ಕಷ್ಟವೆನಿಸುವುದಿಲ್ಲ. ಕೋಡಿನಲ್ಲಿ ಬರೆಯುವ ‘ಡಿಬಗರ್;’ ಸಾಲು, ಡೆವ್‌ಟೂಲ್ಸ್ ತೆರೆದಿದ್ದರೆ, ಮೂರೂ ಎಂಜಿನ್‌ಗಳಲ್ಲಿ ಓಟವನ್ನು ಅಲ್ಲೇ ನಿಲ್ಲಿಸುತ್ತದೆ. ‘ಕನ್ಸೋಲ್.ಟೇಬಲ್’, ‘ಕನ್ಸೋಲ್.ಗ್ರೂಪ್’, ‘ಕನ್ಸೋಲ್.ಟೈಮ್’ ಮೂರರಲ್ಲೂ ಇವೆ. ದರಪಟ್ಟಿಯ ಸಾಲುಗಳನ್ನು ‘ಕನ್ಸೋಲ್.ಟೇಬಲ್’ಗೆ ಕೊಟ್ಟು ನೋಡಿ, ಯಾವ ಸಾಲಿನಲ್ಲಿ ದರ ಖಾಲಿ ಎಂದು ಕಣ್ಣಿಗೆ ಹೊಡೆಯುತ್ತದೆ. ಪುಟದಲ್ಲಿ ಆರಿಸಿದ ಅಂಶವನ್ನು ಕನ್ಸೋಲ್‌ನಲ್ಲಿ $0 ಎಂದು ಕರೆಯುವುದು, $$ ಬಳಸಿ ಹಲವು ಅಂಶಗಳನ್ನು ಹುಡುಕುವುದು ಕೂಡ ಎಲ್ಲ ಕಡೆ ನಡೆಯುತ್ತದೆ. ‘ಮಾನಿಟರ್‌ಈವೆಂಟ್ಸ್’ ಕ್ರೋಮ್‌ನಲ್ಲಿದೆ, ಫೈರ್‌ಫಾಕ್ಸ್‌ನಲ್ಲಿಲ್ಲ. ಇಂಥವಕ್ಕೆ ಒಗ್ಗಿಕೊಂಡರೆ ಬೇರೆ ಕಡೆ ಕೈ ಕಟ್ಟಿದಂತಾಗುತ್ತದೆ.

ಕನ್ಸೋಲ್‌ಗೆ ಆಬ್ಜೆಕ್ಟ್ ಕಳಿಸುವಾಗ ಎಚ್ಚರ ಬೇಕು. ನೀವು ಬಾಣದ ಗುರುತು ಒತ್ತಿ ಬಿಡಿಸಿ ನೋಡುವ ಹೊತ್ತಿನ ಸ್ಥಿತಿ ಅಲ್ಲಿ ಕಾಣುತ್ತದೆ, ಮುದ್ರಿಸಿದ ಹೊತ್ತಿನದಲ್ಲ. ದರ ಸರಿಯಾಗಿಯೇ ಇತ್ತಲ್ಲ ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇದರಿಂದಲೇ. ‘ಜೇಸನ್.ಸ್ಟ್ರಿಂಗಿಫೈ’ ಮಾಡಿ ಮುದ್ರಿಸಿದರೆ ಆ ಕ್ಷಣದ ನಕಲು ಸಿಗುತ್ತದೆ.

ಒಂದೇ ತಪ್ಪಿಗೆ ಮೂರು ಎಂಜಿನ್‌ಗಳು ಮೂರು ಬಗೆಯಲ್ಲಿ ದೂರು ಹೇಳುತ್ತವೆ. ಸರ್ವರ್‌ನಿಂದ ದರ ಬರಲೇ ಇಲ್ಲ ಎನ್ನಿ. ಕ್ರೋಮ್ "ಫೇಲ್ಡ್ ಟು ಫೆಚ್" ಎನ್ನುತ್ತದೆ, ಫೈರ್‌ಫಾಕ್ಸ್ "ನೆಟ್‌ವರ್ಕ್‌ಎರರ್" ಎಂದು ಶುರುಮಾಡುತ್ತದೆ, ಸಫಾರಿ ಬರೀ "ಲೋಡ್ ಫೇಲ್ಡ್" ಎಂದು ಸುಮ್ಮನಾಗುತ್ತದೆ. ಇಲ್ಲದ ವಸ್ತುವಿನ ಒಳಗೆ ದರ ಹುಡುಕಲು ಹೋದರೆ ಕ್ರೋಮ್ "ಕ್ಯಾನಾಟ್ ರೀಡ್ ಪ್ರಾಪರ್ಟೀಸ್ ಆಫ್ ಅನ್‌ಡಿಫೈನ್ಡ್" ಎನ್ನುತ್ತದೆ. ಸಫಾರಿ "ಅನ್‌ಡಿಫೈನ್ಡ್ ಈಸ್ ನಾಟ್ ಆ್ಯನ್ ಆಬ್ಜೆಕ್ಟ್" ಎನ್ನುತ್ತದೆ. ಗ್ರಾಹಕರು ಸ್ಕ್ರೀನ್‌ಶಾಟ್ ಕಳಿಸಿದಾಗ ಈ ಮಾತಿನ ಧಾಟಿಯಿಂದಲೇ ಎಂಜಿನ್ ಯಾವುದೆಂದು ಗುರುತಿಸಬಹುದು. ಅದೇ ಕಾರಣಕ್ಕೆ ದೋಷದ ಸಂದೇಶವನ್ನು ಅಕ್ಷರಶಃ ಹೋಲಿಸಿ ಮುಂದಿನ ಕ್ರಮ ನಿರ್ಧರಿಸುವ ಕೋಡ್ ಬರೆಯಬೇಡಿ. ಒಂದು ಬ್ರೌಸರ್‌ನಲ್ಲಿ ಓಡಿ ಇನ್ನೆರಡರಲ್ಲಿ ನಿಲ್ಲುತ್ತದೆ.

ಸಿಎಸ್‌ಎಸ್ ತೊಂದರೆಗೆ ನಾನು ಫೈರ್‌ಫಾಕ್ಸ್ ಅನ್ನೇ ಮೊದಲು ತೆರೆಯುತ್ತೇನೆ. ಪರಿಣಾಮ ಬೀರದ ಸಿಎಸ್‌ಎಸ್ ಸಾಲನ್ನು ಮಸುಕಾಗಿಸಿ, ಅದು ಯಾಕೆ ಕೆಲಸ ಮಾಡುತ್ತಿಲ್ಲ ಎಂಬ ಕಾರಣವನ್ನೂ ಪಕ್ಕದಲ್ಲೇ ಹೇಳುವ ಸೌಲಭ್ಯ ಅದರಲ್ಲಿ 2019ರಿಂದ ಇದೆ. ಕಲಿಯುವವರಿಗೆ ಅದರಷ್ಟು ಒಳ್ಳೆಯ ಮೇಷ್ಟ್ರು ಇನ್ನೊಬ್ಬರಿಲ್ಲ.

ನಾಲ್ಕನೆಯ ಹೆಜ್ಜೆ: ಆಂಡ್ರಾಯ್ಡ್ ಫೋನ್ ಅನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವುದು

ಫೋನಿನ ಸೆಟ್ಟಿಂಗ್ಸ್‌ನಲ್ಲಿ "ಅಬೌಟ್ ಫೋನ್" ಒಳಗೆ "ಬಿಲ್ಡ್ ನಂಬರ್" ಇರುತ್ತದೆ. ಅದನ್ನು 7 ಸಲ ತಟ್ಟಿದರೆ "ಡೆವಲಪರ್ ಆಪ್ಷನ್ಸ್" ಎಂಬ ಹೊಸ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ "ಯುಎಸ್‌ಬಿ ಡಿಬಗ್ಗಿಂಗ್" ಆನ್ ಮಾಡಿ. ಕೇಬಲ್ ಜೋಡಿಸಿದಾಗ ಈ ಕಂಪ್ಯೂಟರನ್ನು ನಂಬಬಹುದೇ ಎಂದು ಫೋನ್ ಕೇಳುತ್ತದೆ, ಒಪ್ಪಿಗೆ ಕೊಡಿ. ಪ್ರಶ್ನೆಯೇ ಬರದಿದ್ದರೆ ಮೊದಲು ಅನುಮಾನಿಸಬೇಕಾದ್ದು ಕೇಬಲ್. ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್‌ನಲ್ಲಿ ಡೇಟಾ ಹರಿಯುವುದಿಲ್ಲ. ವಿಂಡೋಸ್‌ನಲ್ಲಿ ಕೆಲವು ಫೋನ್‌ಗಳಿಗೆ ಕಂಪನಿಯ ಯುಎಸ್‌ಬಿ ಡ್ರೈವರ್ ಹಾಕಬೇಕಾಗುತ್ತದೆ. ಉಬುಂಟುವಿನಲ್ಲಿ ಆ ತಾಪತ್ರಯ ಕಡಿಮೆ.

ಈಗ ಲ್ಯಾಪ್‌ಟಾಪ್‌ನ ಕ್ರೋಮ್ ವಿಳಾಸಪಟ್ಟಿಯಲ್ಲಿ ‘ಕ್ರೋಮ್://ಇನ್‌ಸ್ಪೆಕ್ಟ್’ ಎಂದು (ಇಂಗ್ಲಿಷ್ ಅಕ್ಷರಗಳಲ್ಲಿ) ಟೈಪ್ ಮಾಡಿ. ಫೋನಿನ ಹೆಸರು, ಅದರ ಕೆಳಗೆ ಫೋನಿನಲ್ಲಿ ತೆರೆದಿರುವ ಟ್ಯಾಬ್‌ಗಳು ಕಾಣುತ್ತವೆ. ಬೇಕಾದ ಟ್ಯಾಬ್‌ನ ಕೆಳಗಿನ "ಇನ್‌ಸ್ಪೆಕ್ಟ್" ಒತ್ತಿದರೆ ಫೋನಿನ ಪುಟಕ್ಕೆ ಪೂರ್ಣ ಡೆವ್‌ಟೂಲ್ಸ್ ನಿಮ್ಮ ಲ್ಯಾಪ್‌ಟಾಪ್ ಪರದೆಯ ಮೇಲೆ. ಸ್ಯಾಮ್‌ಸಂಗ್ ಇಂಟರ್‌ನೆಟ್‌ನ ಟ್ಯಾಬ್‌ಗಳೂ ಇಲ್ಲೇ ಸಿಗುತ್ತವೆ.

ಇದೇ ಪುಟದಲ್ಲಿ "ಪೋರ್ಟ್ ಫಾರ್ವರ್ಡಿಂಗ್" ಎಂಬ ಗುಂಡಿಯಿದೆ. ಬಹಳ ಮಂದಿ ಅದನ್ನು ಮುಟ್ಟುವುದೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಸೈಟು 3000ನೇ ಪೋರ್ಟ್‌ನಲ್ಲಿ ಓಡುತ್ತಿದೆ ಎನ್ನಿ. ಫೋನಿನಲ್ಲಿ ನೋಡಲು ವೈಫೈ ಮೂಲಕ ಲ್ಯಾಪ್‌ಟಾಪ್‌ನ ಐಪಿ ವಿಳಾಸ ಹಾಕುವುದು ಸಾಮಾನ್ಯ ಪದ್ಧತಿ. ಆದರೆ ಹಾಗೆ ತೆರೆದ ಪುಟವನ್ನು ಬ್ರೌಸರ್ ಸುರಕ್ಷಿತ ಎಂದು ಪರಿಗಣಿಸುವುದಿಲ್ಲ. ಸ್ಥಳದ ಮಾಹಿತಿ, ಕ್ಯಾಮೆರಾ, ಸರ್ವಿಸ್ ವರ್ಕರ್ (ಪುಟದ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ಯಾವುದೂ ನಡೆಯುವುದಿಲ್ಲ. ಹತ್ತಿರದ ಮಾರುಕಟ್ಟೆ ತೋರಿಸುವ ನಿಮ್ಮ ಗುಂಡಿ ಅಲ್ಲಿ ಸತ್ತಂತಿರುತ್ತದೆ. ನೀವು ಇಲ್ಲದ ದೋಷ ಹುಡುಕುತ್ತಾ ಕೂರುತ್ತೀರಿ. ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ 3000ಕ್ಕೆ ‘ಲೋಕಲ್‌ಹೋಸ್ಟ್:3000’ ಜೋಡಿಸಿ, ಫೋನಿನಲ್ಲಿಯೂ ‘ಲೋಕಲ್‌ಹೋಸ್ಟ್:3000’ ಎಂದೇ ತೆರೆಯಿರಿ. ಲೋಕಲ್‌ಹೋಸ್ಟ್‌ಗೆ ಬ್ರೌಸರ್ ವಿನಾಯಿತಿ ಕೊಟ್ಟಿರುವುದರಿಂದ ಎಲ್ಲವೂ ಎಂದಿನಂತೆ ಓಡುತ್ತದೆ.

ಫೋನಿನ ಫೈರ್‌ಫಾಕ್ಸ್‌ಗೆ: ಅದರ ಸೆಟ್ಟಿಂಗ್ಸ್‌ನಲ್ಲಿ "ರಿಮೋಟ್ ಡಿಬಗ್ಗಿಂಗ್ ವಯಾ ಯುಎಸ್‌ಬಿ" ಆನ್ ಮಾಡಿ, ಲ್ಯಾಪ್‌ಟಾಪ್‌ನ ಫೈರ್‌ಫಾಕ್ಸ್‌ನಲ್ಲಿ ‘ಅಬೌಟ್:ಡಿಬಗ್ಗಿಂಗ್’ ತೆರೆದು ಯುಎಸ್‌ಬಿ ಸಾಧನಗಳಿಗೆ ಅನುಮತಿ ಕೊಟ್ಟು "ಕನೆಕ್ಟ್" ಒತ್ತಿ. ಲ್ಯಾಪ್‌ಟಾಪ್‌ನ ಆವೃತ್ತಿ ಫೋನಿನದಕ್ಕಿಂತ ಹಳೆಯದಾಗಿರಬಾರದು.

ಕೆಲಸ ಮುಗಿದ ಮೇಲೆ ಯುಎಸ್‌ಬಿ ಡಿಬಗ್ಗಿಂಗ್ ಆಫ್ ಮಾಡುವುದು ಕಡ್ಡಾಯ. ಗ್ರಾಹಕರ ಫೋನನ್ನು ಜೋಡಿಸಿದ್ದರಂತೂ ಮರೆಯಲೇಬಾರದು. ಅದರಲ್ಲಿ ಅವರ ಬ್ಯಾಂಕ್ ವ್ಯವಹಾರವೆಲ್ಲ ಇರುತ್ತದೆ.

ಐದನೆಯ ಹೆಜ್ಜೆ: ಮ್ಯಾಕ್ ಇಲ್ಲದೆ ಐಫೋನ್

ಐಫೋನ್‌ನ ಸಫಾರಿಯನ್ನು ಡಿಬಗ್ ಮಾಡಲು ಆಪಲ್ ಕೊಟ್ಟಿರುವ ರಾಜಮಾರ್ಗಕ್ಕೆ ಮ್ಯಾಕ್ ಬೇಕು. ನಮ್ಮೂರಿನ ವಿದ್ಯಾರ್ಥಿಗಳಲ್ಲಿ, ಸಣ್ಣ ಆಫೀಸುಗಳಲ್ಲಿ ಮ್ಯಾಕ್ ಇಲ್ಲದವರೇ ಹೆಚ್ಚು. ಮ್ಯಾಕ್ ಇಲ್ಲದೆಯೂ ಬಿಳಿ ಪುಟದ ಗುಟ್ಟು ಬಿಡಿಸಬಹುದು.

ಮೊದಲು ಮಾಡಬೇಕಾದ್ದು ದೋಷ ಹಿಡಿಯುವ ಒಂದು ಸಣ್ಣ ಬಲೆ. ಪುಟದ ತಲೆಭಾಗದಲ್ಲಿ, ಬೇರೆಲ್ಲ ಸ್ಕ್ರಿಪ್ಟ್‌ಗಳಿಗಿಂತ ಮೊದಲು, ಪ್ರತ್ಯೇಕ ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ‘ವಿಂಡೋ.ಆನ್‌ಎರರ್’ಗೆ ಒಂದು ಫಂಕ್ಷನ್ ಕೊಡಿ. ಸಂದೇಶ, ಫೈಲ್, ಸಾಲಿನ ಸಂಖ್ಯೆ ಇಷ್ಟನ್ನು ಅದು ಪುಟದ ಮೇಲೆಯೇ ಕೆಂಪಕ್ಷರದಲ್ಲಿ ಬರೆಯಲಿ. ಪ್ರಾಮಿಸ್‌ಗಳ (ಫಲ ತಡವಾಗಿ ಬರುವ ಕೆಲಸಗಳ) ದೋಷ ಇಲ್ಲಿ ಸಿಗುವುದಿಲ್ಲ. ಅದಕ್ಕೆ ‘ಅನ್‌ಹ್ಯಾಂಡಲ್ಡ್‌ರಿಜೆಕ್ಷನ್’ ಈವೆಂಟ್ ಅನ್ನೂ ಕೇಳಿಸಿಕೊಳ್ಳಿ. ಈ ಬಲೆಯನ್ನು ಹಳೆಯ ಜಾವಾಸ್ಕ್ರಿಪ್ಟ್‌ನಲ್ಲೇ ಬರೆಯಿರಿ: ‘ವಾರ್’, ಸಾದಾ ಫಂಕ್ಷನ್, ಅಷ್ಟೇ. ಹೊಸ ವ್ಯಾಕರಣ ಬಳಸಿದರೆ ಹಳೆಯ ಫೋನಿನಲ್ಲಿ ಬಲೆಯೇ ಹರಿಯುತ್ತದೆ.

ಪ್ರತ್ಯೇಕ ಟ್ಯಾಗ್ ಯಾಕೆ? ಜಾವಾಸ್ಕ್ರಿಪ್ಟ್ ಫೈಲಿನಲ್ಲಿ ಒಂದೇ ಒಂದು ವ್ಯಾಕರಣ ದೋಷವಿದ್ದರೆ ಎಂಜಿನ್ ಆ ಇಡೀ ಫೈಲನ್ನು ಓಡಿಸುವುದಿಲ್ಲ. ಬಲೆ ಅದೇ ಫೈಲಿನೊಳಗಿದ್ದರೆ ಅದೂ ಓಡದು. ಬಿಳಿ ಪುಟಗಳ ಹಿಂದೆ ಬಹಳ ಸಲ ಇರುವುದು ಇದೇ.

ನಮ್ಮ ದರಪಟ್ಟಿಗೇ ಬನ್ನಿ. ಆ ಹುಡುಗನ ಫೋನು ಐಫೋನ್ 7 ಎನ್ನಿ. ಅದಕ್ಕೆ ಐಓಎಸ್ 15ರ ಆಚೆ ಅಪ್‌ಡೇಟ್ ಇಲ್ಲ. ಬಲೆ ಹಾಕಿ ತೆರೆದಾಗ ಕೆಂಪಕ್ಷರದಲ್ಲಿ "ಇನ್‌ವ್ಯಾಲಿಡ್ ರೆಗ್ಯುಲರ್ ಎಕ್ಸ್‌ಪ್ರೆಷನ್: ಇನ್‌ವ್ಯಾಲಿಡ್ ಗ್ರೂಪ್ ಸ್ಪೆಸಿಫೈಯರ್ ನೇಮ್" ಎಂದು ಬರುತ್ತದೆ. ಕೋಡ್ ಹುಡುಕಿದರೆ, ದರದ ಅಂಕಿಗೆ ಅಲ್ಪವಿರಾಮ ಹಾಕಲು ಎಲ್ಲಿಂದಲೋ ತಂದು ಅಂಟಿಸಿದ ರೆಗ್ಯುಲರ್ ಎಕ್ಸ್‌ಪ್ರೆಷನ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಸಿಗುತ್ತದೆ. ಅದರಲ್ಲಿ ಹಿಂದಿನ ಅಕ್ಷರ ನೋಡುವ ಲುಕ್‌ಬಿಹೈಂಡ್ ಬಳಸಿರುತ್ತಾರೆ. ಕ್ರೋಮ್‌ಗೆ ಅದು 2017ರಿಂದ, ಫೈರ್‌ಫಾಕ್ಸ್‌ಗೆ 2020ರಿಂದ ಗೊತ್ತು. ಸಫಾರಿ ಕಲಿತದ್ದು 16.4ನೇ ಆವೃತ್ತಿಯಲ್ಲಿ, 2023ರ ಮಾರ್ಚ್‌ನಲ್ಲಿ. ಐಫೋನ್ 7 ಅಲ್ಲಿಗೆ ತಲುಪುವುದೇ ಇಲ್ಲ. ಬೇಬಲ್‌ನಂಥ ಪರಿವರ್ತಕ ಇದನ್ನು ಹಳೆಯ ರೂಪಕ್ಕೆ ತಂದುಕೊಡುವುದೂ ಇಲ್ಲ. ಪರಿಹಾರ ಸರಳ: ಆ ಸಾಲು ತೆಗೆದು ‘ಇಂಟ್ಲ್.ನಂಬರ್‌ಫಾರ್ಮ್ಯಾಟ್’ಗೆ ಭಾರತದ ಲೊಕೇಲ್ (ಭಾಷೆ, ಪ್ರದೇಶದ ಸಂಕೇತ) ಕೊಡಿ. ಲಕ್ಷಕ್ಕೆ ಲಕ್ಷದ ಜಾಗದಲ್ಲೇ ಅಲ್ಪವಿರಾಮ ಬೀಳುತ್ತದೆ, 1,25,000 ಎಂದು.

ಅದೇ ಪುಟದಲ್ಲಿ ತಾರೀಖು "ಇನ್‌ವ್ಯಾಲಿಡ್ ಡೇಟ್" ಎಂದು ಬಂದರೂ ಆಶ್ಚರ್ಯವಿಲ್ಲ. ಡೇಟಾಬೇಸ್‌ನಿಂದ ಬರುವ ತಾರೀಖಿಗೂ ಸಮಯಕ್ಕೂ ನಡುವೆ ಖಾಲಿ ಜಾಗವಿರುತ್ತದೆ. ಮಾನದಂಡ ಖಾತರಿ ಕೊಡುವುದು ನಡುವೆ ‘ಟಿ’ ಅಕ್ಷರವಿರುವ ರೂಪಕ್ಕೆ. ಉಳಿದದ್ದು ಆಯಾ ಎಂಜಿನ್‌ಗೆ ಬಿಟ್ಟದ್ದು. ಕ್ರೋಮ್ ಹೊಂದಿಸಿಕೊಳ್ಳುತ್ತದೆ, ಹಳೆಯ ಸಫಾರಿ ಒಪ್ಪುವುದಿಲ್ಲ.

ಬಲೆ ಸಾಲದಿದ್ದರೆ ಎರುಡಾ ಅಥವಾ ವಿಕನ್ಸೋಲ್ ಸೇರಿಸಿ. ಎರಡೂ ಉಚಿತ ಲೈಬ್ರರಿಗಳು, ಫೋನಿನ ಪುಟದ ಮೂಲೆಯಲ್ಲೇ ಕನ್ಸೋಲ್, ನೆಟ್‌ವರ್ಕ್, ಸ್ಟೋರೇಜ್ ಫಲಕಗಳನ್ನು ತೆರೆಯುತ್ತವೆ. ಬ್ರೇಕ್‌ಪಾಯಿಂಟ್ (ಕೋಡ್ ಓಟ ನಿಲ್ಲಿಸುವ ಗುರುತು) ಹಾಕಲು ಬರುವುದಿಲ್ಲ. ವಿಳಾಸದ ಕೊನೆಗೆ ನೀವೇ ನಿಗದಿ ಮಾಡಿದ ಗುಟ್ಟಿನ ಪದ ಸೇರಿಸಿದಾಗ ಮಾತ್ರ ಅದು ಲೋಡ್ ಆಗುವಂತೆ ಬರೆಯಿರಿ, ಇಲ್ಲವಾದರೆ ಮಂಡಿಪೇಟೆಯ ಗ್ರಾಹಕರೆಲ್ಲ ನಿಮ್ಮ ಕನ್ಸೋಲ್ ನೋಡಬೇಕಾಗುತ್ತದೆ.

ಲ್ಯಾಪ್‌ಟಾಪ್‌ನಲ್ಲೇ ವೆಬ್‌ಕಿಟ್ ಬೇಕೆಂದರೆ ಎರಡು ದಾರಿ. ಉಬುಂಟು ಇದ್ದವರು ಗ್ನೋಮ್‌ನ ಎಪಿಫನಿ ಬ್ರೌಸರ್ ಹಾಕಿಕೊಳ್ಳಿ. ಅದರ ಎಂಜಿನ್ ವೆಬ್‌ಕಿಟ್, ಇನ್‌ಸ್ಪೆಕ್ಟರ್ ಕೂಡ ಸಫಾರಿಯದನ್ನೇ ಹೋಲುತ್ತದೆ. ವಿಂಡೋಸ್ ಇದ್ದವರಿಗೆ ಮೈಕ್ರೋಸಾಫ್ಟ್‌ನ ಪ್ಲೇರೈಟ್ ಎಂಬ ಪರೀಕ್ಷಾ ಟೂಲ್ ತನ್ನ ಜತೆ ವೆಬ್‌ಕಿಟ್ ತಂದುಕೊಡುತ್ತದೆ. ಆದರೆ ಇವೆರಡೂ ಸಫಾರಿ ಅಲ್ಲ. ಕೀಬೋರ್ಡ್ ಮೇಲೆದ್ದಾಗ ಪುಟ ಜರುಗುವುದು, ವಿಳಾಸಪಟ್ಟಿ ಕುಗ್ಗಿ ಹಿಗ್ಗುವಾಗ ಪರದೆಯ ಎತ್ತರ ಬದಲಾಗುವುದು, ವಿಡಿಯೊ, ಫಾಂಟ್ ಇವೆಲ್ಲ ನಿಜವಾದ ಐಫೋನ್‌ನಲ್ಲೇ ಗೊತ್ತಾಗಬೇಕು. ಪುಟದ ಕೆಳಗಿನ ಗುಂಡಿ ಸಫಾರಿಯ ಪಟ್ಟಿಯ ಹಿಂದೆ ಅಡಗುತ್ತಿದ್ದರೆ ಸಿಎಸ್‌ಎಸ್‌ನಲ್ಲಿ ಎತ್ತರದ ಅಳತೆಗೆ 100ವಿಎಚ್ ಬದಲು 100ಡಿವಿಎಚ್ ಬಳಸಿ. ಸಫಾರಿಯಲ್ಲಿ ಅದು 15.4ರಿಂದ ಇದೆ, ಅದಕ್ಕೂ ಹಳೆಯದಕ್ಕಾಗಿ ಮೇಲಿನ ಸಾಲಿನಲ್ಲಿ ವಿಎಚ್ ಕೂಡ ಇರಲಿ.

ಬ್ರೌಸರ್‌ಸ್ಟ್ಯಾಕ್‌ನಂಥ ಸೇವೆಗಳು ನಿಜವಾದ ಐಫೋನ್‌ಗಳನ್ನು ಇಂಟರ್‌ನೆಟ್ ಮೂಲಕ ನಿಮಿಷಗಳ ಲೆಕ್ಕದಲ್ಲಿ ಬಳಸಲು ಕೊಡುತ್ತವೆ. ಮೊದಲೇ ಬಲೆ ಹಾಕಿ, ಏನು ನೋಡಬೇಕೆಂದು ಬರೆದಿಟ್ಟುಕೊಂಡು ಹೋದರೆ ಸಿಗುವ ಅಲ್ಪ ಸಮಯವೇ ಸಾಕಾಗುತ್ತದೆ.

ಸ್ನೇಹಿತರ ಮ್ಯಾಕ್ ಒಂದು ಸಂಜೆಗೆ ಸಿಕ್ಕಿತೇ? ಐಫೋನ್‌ನಲ್ಲಿ ಸಫಾರಿ ಸೆಟ್ಟಿಂಗ್ಸ್‌ನ "ಅಡ್ವಾನ್ಸ್ಡ್" ಒಳಗೆ "ವೆಬ್ ಇನ್‌ಸ್ಪೆಕ್ಟರ್" ಆನ್ ಮಾಡಿ. ಐಓಎಸ್ 18ರಿಂದ ಸಫಾರಿಯು ಸೆಟ್ಟಿಂಗ್ಸ್‌ನ "ಆ್ಯಪ್ಸ್" ಒಳಗೆ ಹೋಗಿದೆ, ಅಲ್ಲಿ ಹುಡುಕಿ. ಮ್ಯಾಕ್‌ನ ಸಫಾರಿಯಲ್ಲಿ "ಅಡ್ವಾನ್ಸ್ಡ್"ನಲ್ಲಿ ಡೆವಲಪರ್ ಸೌಲಭ್ಯ ತೋರಿಸುವ ಗುರುತು ಹಾಕಿದರೆ "ಡೆವಲಪ್" ಮೆನು ಬರುತ್ತದೆ. ಕೇಬಲ್ ಜೋಡಿಸಿದ ಫೋನಿನ ಹೆಸರು ಆ ಮೆನುವಿನಲ್ಲೇ ಇರುತ್ತದೆ.

ಆರನೆಯ ಹೆಜ್ಜೆ: ಕನ್ನಡ ಅಕ್ಷರಗಳ ತಪಾಸಣೆ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಭಾಗ ಸಿಗುವುದು ಅಪರೂಪ, ನಮಗೆ ಮಾತ್ರ ದಿನವೂ ಬೇಕು. ವಿಂಡೋಸ್‌ನಲ್ಲಿ ಕನ್ನಡ ಮೂಡುವುದು ನಿರ್ಮಲ ಯುಐ ಅಥವಾ ತುಂಗಾ ಫಾಂಟ್‌ನಲ್ಲಿ, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೊ ಸಾನ್ಸ್ ಕನ್ನಡದಲ್ಲಿ, ಆಪಲ್ ಸಾಧನಗಳಲ್ಲಿ ಕನ್ನಡ ಸಂಗಮ್ ಎಂಎನ್‌ನಂಥವುಗಳಲ್ಲಿ. ಒಂದೊಂದರ ಎತ್ತರ, ಅಗಲ ಬೇರೆ. ಲ್ಯಾಪ್‌ಟಾಪ್‌ನಲ್ಲಿ ಒಂದೇ ಸಾಲಿಗೆ ಕೂತ ‘ಮೆಕ್ಕೆಜೋಳ’ ಫೋನಿನಲ್ಲಿ ಎರಡು ಸಾಲಾಗುತ್ತದೆ.

ನಿಜವಾಗಿ ಯಾವ ಫಾಂಟ್ ಬಳಕೆಯಾಗಿದೆ ಎಂದು ಡೆವ್‌ಟೂಲ್ಸ್ ಹೇಳುತ್ತದೆ. ಕ್ರೋಮ್‌ನಲ್ಲಿ "ಕಂಪ್ಯೂಟೆಡ್" ಫಲಕದ ಕೊನೆಯಲ್ಲಿ "ರೆಂಡರ್ಡ್ ಫಾಂಟ್ಸ್" ನೋಡಿ, ಫೈರ್‌ಫಾಕ್ಸ್‌ನಲ್ಲಿ "ಫಾಂಟ್ಸ್" ಎಂಬ ಪ್ರತ್ಯೇಕ ಫಲಕವೇ ಇದೆ. ಸಿಎಸ್‌ಎಸ್‌ನಲ್ಲಿ ನೀವು ಬರೆದ ಹೆಸರು ಒಂದು, ಅಲ್ಲಿ ಕಾಣುವ ಹೆಸರು ಇನ್ನೊಂದು ಆಗಿದ್ದರೆ, ನೀವು ಹೇಳಿದ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ ಅಥವಾ ಫೈಲ್ ಲೋಡ್ ಆಗಿಲ್ಲ. ಎಲ್ಲ ಕಡೆ ಒಂದೇ ಥರ ಬೇಕಿದ್ದರೆ ನೋಟೊ ಸಾನ್ಸ್ ಕನ್ನಡವನ್ನು ವೆಬ್‌ಫಾಂಟ್ ಆಗಿ ನಿಮ್ಮ ಸರ್ವರ್‌ನಿಂದಲೇ ಕೊಡಿ.

‘ರೊಕ್ಕ’, ‘ಅಡ್ಡೆ’ಯಂಥ ಪದಗಳ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗಿದ್ದರೆ ಲೈನ್‌ಹೈಟ್ 1 ಇಟ್ಟು, ಜತೆಗೆ ಓವರ್‌ಫ್ಲೋ ಹಿಡನ್ ಮಾಡಿರುತ್ತಾರೆ. ಇಂಗ್ಲಿಷ್ ಟೆಂಪ್ಲೇಟ್ ತಂದು ಕನ್ನಡ ತುಂಬಿದ ಸೈಟುಗಳಲ್ಲಿ ಇದು ಸರ್ವೇಸಾಮಾನ್ಯ. ಲೈನ್‌ಹೈಟ್ ಅನ್ನು 1.5ರ ಆಸುಪಾಸಿಗೆ ಏರಿಸಿ.

ಹುಡುಕುವ ಪೆಟ್ಟಿಗೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಗೊರಬಲು’ ಪದದ ‘ಗೊ’ವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ಗ ಜತೆ ಒಂದೇ ಸ್ವರಚಿಹ್ನೆ, ಅಥವಾ ಗ ಜತೆ ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳು. ಕಣ್ಣಿಗೆ ಎರಡೂ ಒಂದೇ. ಡೇಟಾಬೇಸ್‌ನಲ್ಲಿ ಒಂದು ರೂಪ, ಗ್ರಾಹಕರ ಕೀಬೋರ್ಡ್‌ನಿಂದ ಇನ್ನೊಂದು ರೂಪ ಬಂದರೆ ಹುಡುಕಾಟ ಸೋಲುತ್ತದೆ. ಆ ತುಂಡನ್ನು ಕನ್ಸೋಲ್‌ನಲ್ಲಿ ಅಕ್ಷರಗಳ ಅರೇ ಮಾಡಿ ಉದ್ದ ನೋಡಿ: ಒಂದು ರೂಪ 2 ಎನ್ನುತ್ತದೆ, ಇನ್ನೊಂದು 3. ಹೋಲಿಸುವ ಮುನ್ನ ಎರಡನ್ನೂ ‘ನಾರ್ಮಲೈಜ್’ಗೆ ಎನ್‌ಎಫ್‌ಸಿ (ಚಿಹ್ನೆಗಳನ್ನು ಕೂಡಿಸಿ ಬರೆಯುವ ರೂಪ) ಕೊಟ್ಟು ಒಂದೇ ರೂಪಕ್ಕೆ ತನ್ನಿ.

ಏಳನೆಯ ಹೆಜ್ಜೆ: ನಿಮ್ಮದೇ ಟೂಲ್ ಬರೆಯುವುದಾದರೆ

ಡೆವ್‌ಟೂಲ್ಸ್‌ಗೆ ನಿಮ್ಮದೇ ಫಲಕ ಸೇರಿಸುವ ಎಕ್ಸ್‌ಟೆನ್ಶನ್ ಬರೆಯುವ ಆಸೆ ಇದ್ದವರಿಗೆ ಇದು. ಫಲಕ ಸೃಷ್ಟಿಸುವ, ಪುಟದೊಳಗೆ ಕೋಡ್ ಓಡಿಸುವ ಎಪಿಐಗಳು (ಕೋಡಿನಿಂದ ಕರೆಯಬಹುದಾದ ಬ್ರೌಸರ್ ಸೌಲಭ್ಯಗಳು) ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಇವೆ. ಸಫಾರಿಯೂ 16ನೇ ಆವೃತ್ತಿಯಿಂದ ಸೇರಿಕೊಂಡಿದೆ. ಕ್ರೋಮ್‌ನ ‘ಡಿಬಗರ್’ ಎಪಿಐ ಫೈರ್‌ಫಾಕ್ಸ್‌ನಲ್ಲಿಲ್ಲ, ಹಾಗಾಗಿ ಅದರ ಮೇಲೆ ಮನೆ ಕಟ್ಟಬೇಡಿ. ಎಕ್ಸ್‌ಟೆನ್ಶನ್‌ನ ವಿವರ ಬರೆಯುವ ಫೈಲಾದ ಮ್ಯಾನಿಫೆಸ್ಟ್‌ನ 3ನೇ ಆವೃತ್ತಿಯಲ್ಲಿ ಹಿನ್ನೆಲೆ ಕೋಡ್‌ಗೆ ಕ್ರೋಮ್ ಸರ್ವಿಸ್ ವರ್ಕರ್ ಕೇಳುತ್ತದೆ, ಫೈರ್‌ಫಾಕ್ಸ್ ಸ್ಕ್ರಿಪ್ಟ್ ಪಟ್ಟಿ ಕೇಳುತ್ತದೆ. ಒಂದೇ ಮ್ಯಾನಿಫೆಸ್ಟ್‌ನಲ್ಲಿ ಎರಡನ್ನೂ ಬರೆದರೆ ಎರಡೂ ಬ್ರೌಸರ್‌ಗಳು 121ನೇ ಆವೃತ್ತಿಯಿಂದ ತಮಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತವೆ. ‘ಬ್ರೌಸರ್’, ‘ಕ್ರೋಮ್’ ಎಂಬ ಎರಡು ಹೆಸರುಗಳ ಗೊಂದಲಕ್ಕೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಪಾಲಿಫಿಲ್ (ವ್ಯತ್ಯಾಸ ತುಂಬಿಕೊಡುವ ಸಣ್ಣ ಲೈಬ್ರರಿ) ಇದೆ. ಎರಡರಲ್ಲೂ ಓಡಿಸಿ ನೋಡಲು ಅದೇ ಮೊಜಿಲ್ಲಾದ ವೆಬ್‌ಎಕ್ಸ್‌ಟ್ ಎಂಬ ಕಮ್ಯಾಂಡ್ ಸಾಕು.

ಬ್ರೌಸರನ್ನು ಹೊರಗಿನಿಂದ ನಡೆಸುವ ಸ್ಕ್ರಿಪ್ಟ್ ಬರೆಯುವವರು ಹೊಸದಾಗಿ ಶುರುಮಾಡುತ್ತಿದ್ದರೆ ಬೇರೆ ಬೇರೆ ಬ್ರೌಸರ್‌ಗಳಿಗೆ ಸಾಮಾನ್ಯವಾದ ವೆಬ್‌ಡ್ರೈವರ್ ಬೈಡೈ ಪ್ರೋಟೊಕಾಲ್ ಕಡೆಗೆ ಹೋಗಿ. ಕ್ರೋಮ್‌ನ ಸ್ವಂತ ಪ್ರೋಟೊಕಾಲ್‌ಗೆ ಇದ್ದ ಬೆಂಬಲವನ್ನು ಫೈರ್‌ಫಾಕ್ಸ್ ತೆಗೆದುಹಾಕಿದೆ. ಬ್ರೌಸರ್ ನಡೆಸುವ ಲೈಬ್ರರಿಯಾದ ಪಪೆಟಿಯರ್ ಕೂಡ 2024ರಿಂದ ಫೈರ್‌ಫಾಕ್ಸ್ ಅನ್ನು ಬೈಡೈ ಮೂಲಕ ನಡೆಸುತ್ತಿದೆ. ಹಳೆಯ ಪಾಠಗಳಲ್ಲಿರುವಂತೆ ಕ್ರೋಮ್ ಅನ್ನು ಡಿಬಗ್ಗಿಂಗ್‌ಗೆ ಬಳಸುವ 9222 ಪೋರ್ಟ್‌ನೊಂದಿಗೆ ತೆರೆದರೆ ಈಗ ನಡೆಯುವುದಿಲ್ಲ. 136ನೇ ಆವೃತ್ತಿಯಿಂದ ಅದರ ಜತೆಗೆ ಪ್ರತ್ಯೇಕ ಯೂಸರ್ ಡೇಟಾ ಫೋಲ್ಡರನ್ನೂ ತೋರಿಸಬೇಕು. ಆ ಪೋರ್ಟ್ ಮೂಲಕ ಕುಕೀ ಕದಿಯುವುದನ್ನು ತಡೆಯಲು ತಂದ ಬದಲಾವಣೆ ಇದು, ಒಳ್ಳೆಯದೇ ಆಯಿತು.

ಪ್ಲೇರೈಟ್‌ನಲ್ಲಿ ಒಂದೇ ಪರೀಕ್ಷೆಯನ್ನು ಮೂರೂ ಎಂಜಿನ್‌ಗಳಲ್ಲಿ ಓಡಿಸಬಹುದು. ದರಪಟ್ಟಿ ತೆರೆಯುವುದು, ‘ರಾಶಿ’ ಹುಡುಕುವುದು, ದರ ಕಾಣುವುದು ಇಷ್ಟನ್ನೇ ಬರೆದು, ‘ಪೇಜ್‌ಎರರ್’ ಈವೆಂಟ್ ಬಂದರೆ ಪರೀಕ್ಷೆ ಸೋಲುವಂತೆ ಮಾಡಿ. ಅದು ತರುವ ವೆಬ್‌ಕಿಟ್ ಹೊಸದು, ಐಫೋನ್ 7ರ ತೊಂದರೆ ಅದರಲ್ಲಿ ಕಾಣುವುದಿಲ್ಲ ಎಂಬುದು ನೆನಪಿರಲಿ.

ಗ್ರಾಹಕರಿಗೆ ಫೋನ್‌ನಲ್ಲಿ ಕೇಳಬೇಕಾದ್ದು

"ಏನಾಗಿದೆ" ಎಂದು ಕೇಳಿದರೆ "ಬರ್ತಿಲ್ಲ" ಎಂಬ ಉತ್ತರವೇ ಬರುತ್ತದೆ. ಅದರ ಬದಲು ಮೂರು ವಿಷಯ ಕೇಳಿ. ಫೋನ್ ಯಾವುದು, ಸೆಟ್ಟಿಂಗ್ಸ್‌ನಲ್ಲಿ ಸಾಫ್ಟ್‌ವೇರ್ ಆವೃತ್ತಿ ಎಷ್ಟು, ಲಿಂಕನ್ನು ಎಲ್ಲಿಂದ ತೆರೆದಿರಿ. ಮೂರನೆಯದು ಬಹಳ ಮುಖ್ಯ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಲಿಂಕನ್ನು ತಮ್ಮೊಳಗಿನ ವೆಬ್‌ವ್ಯೂ ಎಂಬ ಬ್ರೌಸರಿನಲ್ಲೇ ತೆರೆಯುತ್ತವೆ. ಆ್ಯಪ್ ಮಾಡಿದವರೇ ಅನುಮತಿ ಕೊಡದ ಹೊರತು ಆ ವೆಬ್‌ವ್ಯೂ ‘ಕ್ರೋಮ್://ಇನ್‌ಸ್ಪೆಕ್ಟ್’ನ ಪಟ್ಟಿಗೆ ಬರುವುದೇ ಇಲ್ಲ, ಐಫೋನ್‌ನಲ್ಲೂ ಐಓಎಸ್ 16.4ರಿಂದ ಇದೇ ನಿಯಮ. ಹಾಗಾಗಿ "ಮೇಲಿನ ಮೂರು ಚುಕ್ಕೆ ಒತ್ತಿ, ಬ್ರೌಸರ್‌ನಲ್ಲಿ ತೆರೆಯಿರಿ ಅಣ್ಣ" ಎಂದು ಹೇಳಿ. ಅಲ್ಲಿ ಸರಿಯಾಗಿ ಕಂಡರೆ ದೋಷ ವೆಬ್‌ವ್ಯೂಗೆ ಸೀಮಿತ, ಎರುಡಾ ಹಾಕಿದ ಲಿಂಕನ್ನು ಅದೇ ಆ್ಯಪ್‌ನಲ್ಲಿ ಅವರಿಗೆ ಕಳಿಸಿ. ಅಲ್ಲೂ ಬೆಳ್ಳಗೇ ಇದ್ದರೆ ಕೆಂಪಕ್ಷರದ ಸಾಲಿನ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ.